ಪೆಟ್ಟಿನ ಜಾಗದಲ್ಲಿ ಇಳಿಸಿ ಬರುತ್ತಿದ್ದವರು

ಹೋದ ವಾರ ನಮ್ಮ ರಿಪೇರಿ ಶಾಪಿಗೆ ಟೋಯಿಂಗ್ ಗಾಡಿಯ ಮೇಲೆ ಬಂದ ಒಂದು ಕಾರಿನ ಬಾಗಿಲು ತೆರೆದಾಗ ಒಳಗಿನಿಂದ ಗಾಢವಾಗಿ ಲವಂಗದ ವಾಸನೆ ಬಂತು. ಕಾರಣ ದೊಡ್ಡದೇನಲ್ಲ. ದಿನಸಿ ತರುವಾಗ ಹಿಂದಿನಿಂದ ಟೆಂಪೊ ಗುದ್ದಿ, ಮಸಾಲೆಯ ಪೊಟ್ಟಣ ಒಡೆದು ಕಾಲಡಿಯ ಮ್ಯಾಟಿನ ಮೇಲೆಲ್ಲ ಚೆಲ್ಲಿತ್ತು. ಕಾರಿನವರೇ ನಾಚಿಕೊಂಡು ಹೇಳಿದರು. ಆದರೂ ನಾನು ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಫೋಟೊ ತೆಗೆಯಬೇಕು, ಸ್ವಲ್ಪ ಸರಿಯಿರಿ ಮೇಡಂ ಎಂದು ಇನ್ಶೂರೆನ್ಸಿನ ಸರ್ವೇಯರ್ ಹೇಳಿದ ಮೇಲೆ ಎಚ್ಚರವಾಯಿತು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಬಾಡಿ ಶಾಪಿನಿಂದ ರಿಪೇರಿಯಾಗಿ ಹೋಗುತ್ತಿದ್ದ ಕಾರುಗಳಲ್ಲೆಲ್ಲ ಇದೇ ವಾಸನೆ ಇರುತ್ತಿತ್ತು. ರಿಪೇರಿಯಾದ ಮೇಲೆ ಅವನ್ನು ಮೊದಲು ಓಡಿಸಿ ನೋಡುತ್ತಿದ್ದವರು ಯಜಮಾನರು. ಅವರ ಬಾಯಲ್ಲಿ ಸದಾ ಒಂದು ಲವಂಗ...

ಯಜಮಾನರು ಎಂದರೆ ಶಾಪಿನ ಮಾಲೀಕರಲ್ಲ, ಶಾಪು ನಿಂತಿದ್ದ ಜಾಗದ ಮಾಲೀಕರು. ಮಹದೇವಪುರದ ಹಳೆಯ ಊರಿನವರು. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಒಂದು ಕಡೆ ಗಾಜಿನ ಕಚೇರಿಗಳು ಎದ್ದಿದ್ದವು, ಇನ್ನೊಂದು ಕಡೆ ನಮ್ಮ ತಗಡಿನ ಶೆಡ್ಡು. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬೆರಳಿಗೆ ದಪ್ಪ ಉಂಗುರ. ಹಿಂದುಗಡೆಯ ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಹೋಗಿಬರುವವರಿಗೆಲ್ಲ ಪುಕ್ಕಟೆ ಬುದ್ಧಿ ಹೇಳುತ್ತಿದ್ದರು. ಮಾಡಲು ಕೆಲಸವಿಲ್ಲ, ತಲೆ ತಿನ್ನಲು ನಾವು ಸಿಕ್ಕಿದ್ದೇವೆ ಎಂದು ನಾನು ಗೊಣಗುತ್ತಿದ್ದೆ. ನನ್ನ ನಾಲಿಗೆ ಆಗಲೂ ಸ್ವಲ್ಪ ಉದ್ದವೇ.

ನನ್ನ ಕೆಲಸ ಮುಂದಿನ ಕೌಂಟರಿನಲ್ಲಿ. ಆಕ್ಸಿಡೆಂಟ್ ಮಾಡಿಕೊಂಡು ಬಂದವರನ್ನು ಕೂರಿಸಿ ನೀರು ಕೊಡುವುದು, ಏನೇನು ಬದಲಾಯಿಸಬೇಕೆಂದು ವಿವರಿಸುವುದು, ಇನ್ಶೂರೆನ್ಸಿನವರ ಜೊತೆ ಗುದ್ದಾಡುವುದು. ಈಗಿನ ಕಾರುಗಳ ರಿಪೇರಿ ಎಂದರೆ ಸುತ್ತಿಗೆಯಲ್ಲಿ ತಟ್ಟಿ ಬಣ್ಣ ಹೊಡೆಯುವುದಲ್ಲ. ಸೊಟ್ಟಗಾದ ಚೌಕಟ್ಟನ್ನು ಸರಪಳಿ ಕಟ್ಟಿ ಎಳೆದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ನೇರ ಮಾಡಬೇಕು. ಸಿಡಿದ ಏರ್‌ಬ್ಯಾಗ್ ತೆಗೆದು ಹೊಸದು ಕೂರಿಸಬೇಕು. ಬಂಪರಿನೊಳಗೆ, ಮುಂದಿನ ಗಾಜಿನ ಹಿಂದೆ, ಸೀಟಿನ ಅಡಿಯಲ್ಲಿ ಇರುವ ಸೆನ್ಸರುಗಳಿಗೆ ಕಂಪ್ಯೂಟರ್ ಹಚ್ಚಿ, ಎದುರಿಗೆ ಏನಿದೆ, ಒಳಗೆ ಯಾರು ಕೂತಿದ್ದಾರೆ ಎಂಬುದನ್ನು ಮತ್ತೆ ಮೊದಲಿನಿಂದ ಕಲಿಸಬೇಕು. ಅದೆಲ್ಲ ಆದ ಮೇಲೆ ಓಡಿಸಿ ನೋಡುವ ಟ್ರಯಲ್. ಆ ಟ್ರಯಲ್ ಮಾತ್ರ ಯಜಮಾನರದು. ಜಾಗ ಕೊಟ್ಟ ಸ್ವಲ್ಪ ದಿನಕ್ಕೇ ಅವರು ಹಾಕಿದ ಷರತ್ತಂತೆ ಅದು. ಮ್ಯಾನೇಜರ್ ಅದನ್ನು ಹಿರಿಯರ ಖಯಾಲಿ ಎಂದು ಸಹಿಸಿಕೊಂಡಿದ್ದರು.

ಕೀಲಿ ಕೈಗೆ ಬಂದಾಗ ಅವರು ಕೇಳುತ್ತಿದ್ದುದು ಒಂದೇ ಮಾತು, ಪೆಟ್ಟು ಬಿದ್ದದ್ದು ಎಲ್ಲಿ ಎಂದು. ಸಿಲ್ಕ್ ಬೋರ್ಡ್ ಎಂದರೂ ಸರಿ, ಶಿವಾಜಿನಗರ ಎಂದರೂ ಸರಿ, ಕಾರನ್ನು ಅಲ್ಲಿಗೇ ಓಡಿಸಿಕೊಂಡು ಹೋಗಿ ವಾಪಸ್ಸು ತರುತ್ತಿದ್ದರು. ಹೊಸ ಕಾರುಗಳ ಪರದೆ, ಗುಂಡಿಗಳು ಅವರಿಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ಒಂದು ದಿನ ಪಕ್ಕದಲ್ಲಿ ಕೂತು ತೋರಿಸಿಕೊಡಲು ಮ್ಯಾನೇಜರ್ ನನ್ನನ್ನು ಕಳಿಸಿದರು. ಅವತ್ತಿನ ಕಾರಿಗೆ ಪೆಟ್ಟು ಬಿದ್ದದ್ದು ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ. ಯಾರಿಗೂ ಏನೂ ಆಗಿರಲಿಲ್ಲ, ಎಡಗಡೆಯ ಬಾಗಿಲುಗಳು ಮಾತ್ರ ಒಳಗೆ ಹೋಗಿದ್ದವು. ಯಜಮಾನರು ಕೆರೆಯ ಬೇಲಿಯ ಬದಿಗೆ ಕಾರು ನಿಲ್ಲಿಸಿದರು. ಇಳಿದು ಸುತ್ತು ಹಾಕಿಕೊಂಡು ಬಂದು ಹಿಂದಿನ ಎಡ ಬಾಗಿಲು ತೆರೆದರು. ತೆರೆದು, ವಯಸ್ಸಾದವರು ಇಳಿಯುವಾಗ ನಾವು ನಿಲ್ಲುತ್ತೇವಲ್ಲ ಹಾಗೆ, ಬಾಗಿಲಿನ ಮೇಲಂಚಿಗೆ ಅಂಗೈ ಅಡ್ಡ ಹಿಡಿದು ಒಂದು ಪಕ್ಕಕ್ಕೆ ಸರಿದು ನಿಂತರು.

“ಹುಷಾರು. ಚರಂಡಿ ಕಲ್ಲು ಅಲ್ಲಾಡ್ತದೆ” ಅಂದರು, ಅಲ್ಲಿ ಯಾರೂ ಇಲ್ಲದ ಕಡೆಗೆ ನೋಡಿ.

ಆಮೇಲೆ ಬಾಗಿಲು ಮೆಲ್ಲಗೆ ಹಾಕಿ ಬಂದು ಕೂತರು. ನನಗೆ ನಗು ತಡೆಯಲಾಗಲಿಲ್ಲ. ಯಾರನ್ನು ಇಳಿಸಿದಿರಿ, ಮೀಟರ್ ಎಷ್ಟಾಯಿತು ಎಂದು ಕೇಳಿಯೇಬಿಟ್ಟೆ. ಅವರಿಗೆ ಬೇಜಾರೇನೂ ಆಗಲಿಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಸಮಾಧಾನವಾಗಿ ಹೇಳಿದರು.

“ಪೆಟ್ಟು ಬಿದ್ದಾಗ ಗಾಡಿ ಬಾಗ್ಲು ಸಡ್ಲ ಆಗ್ತದಲ್ಲಮ್ಮಾ. ಅಲ್ಲಿ ಮುಂಚೆ ಜೀವ ಬಿಟ್ಟು ನಿಂತಿರೋರು ಹತ್ಕೊಂಡ್ಬಿಡ್ತಾರೆ. ನಿಂತು ನಿಂತು ಅವರಿಗೂ ಸಾಕಾಗಿರ್ತದೆ, ಪಾಪ. ಅವರನ್ನ ಹತ್ತಿದ ಜಾಗದಲ್ಲೇ ಇಳಿಸಿ ಬರ್ಬೇಕು. ಇಲ್ಲಾಂದ್ರೆ ಗಾಡಿಯವರ ಮನೇಲಿ ಇಳೀತಾರೆ.”

ಊಟದ ಹೊತ್ತಿನಲ್ಲಿ ಇದನ್ನು ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದೆ. ಆಮೇಲೆ ಮತ್ತೆ ಮತ್ತೆ ಅವರ ಜೊತೆ ಹೋಗಬೇಕಾಯಿತು, ನಗು ಸ್ವಲ್ಪ ಸ್ವಲ್ಪ ಕಡಿಮೆಯಾಯಿತು. ಒಮ್ಮೆ ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಹತ್ತಿರ ಬಾಗಿಲು ತೆರೆದು ಹಾಕಿ ಬಂದು, ಕಾರನ್ನು ಹಿಂದಕ್ಕೆ ತೆಗೆಯಲು ಹೋದರು. ಹಿಂದೆ ಏನೋ ಅಡ್ಡ ಇದೆ ಎಂದು ಸೆನ್ಸರ್ ಕೂಗತೊಡಗಿತು. ಪರದೆಯಲ್ಲಿ ನೋಡಿದರೆ ಖಾಲಿ ರಸ್ತೆ, ಬೆಳಗಿನ ಬಿಸಿಲು, ಮೂಲೆಯಲ್ಲಿ ಒಂದು ನಾಯಿ ಮಲಗಿತ್ತು. ಸೆನ್ಸರ್ ಕೆಟ್ಟಿದೆ ಎಂದೆ. ಯಜಮಾನರು ಬ್ರೇಕ್ ಮೇಲಿನ ಕಾಲು ತೆಗೆಯದೆ ಸುಮ್ಮನೆ ಕಾದರು. ಕಿವಿಗೆ ಬಡಿಯುತ್ತಿದ್ದ ಸದ್ದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಯಾರೋ ಕಾಲೆಳೆದುಕೊಂಡು ದೂರ ಹೋದ ಹಾಗೆ ಬಿಟ್ಟು ಬಿಟ್ಟು ಬಂದು ನಿಂತಿತು. ನಾಯಿ ತಲೆ ಎತ್ತಿ ಸ್ಟೇಷನ್ನಿನ ಕಡೆ ನೋಡುತ್ತಿತ್ತು. ಅವತ್ತು ಊಟದ ಹೊತ್ತಿನಲ್ಲಿ ನಾನು ಏನನ್ನೂ ಅಭಿನಯಿಸಲಿಲ್ಲ.

ಆಮೇಲೆ ನಮ್ಮ ಕಾರೇ ಬಂತು.

ನಮ್ಮಪ್ಪ ಫ್ಯಾಕ್ಟರಿ ಕೆಲಸದಿಂದ ನಿವೃತ್ತರಾದ ಮೇಲೆ ಅಮ್ಮ ಹಟ ಹಿಡಿದು ಕಾರು ಕಲಿತಿದ್ದಳು. ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ, ಆದರೆ ಹೇಳಿಕೊಡಲು ಬರುತ್ತಿತ್ತು. ಎಡಗಡೆಯ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಾ, ಲೆಫ್ಟು, ರೈಟು, ನಿಧಾನ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಸೀಟ್ ಬೆಲ್ಟ್ ಹಾಕಿಕೊಳ್ಳುವುದೆಂದರೆ ಮಾತ್ರ ಅವರಿಗೆ ಆಗದು. ಕಾರು ಟಿಂಗ್ ಟಿಂಗ್ ಎಂದು ಬಡಿದುಕೊಳ್ಳುತ್ತಿರುತ್ತಿತ್ತು, ಅಮ್ಮ ಬೈಯುತ್ತಿರುತ್ತಿದ್ದಳು, ಕಾಲೊನಿಯ ಗೇಟು ದಾಟಿದ ಮೇಲೆ ಅಪ್ಪ ದೊಡ್ಡ ಉಪಕಾರ ಮಾಡುವವರ ಹಾಗೆ ಬೆಲ್ಟ್ ಎಳೆಯುತ್ತಿದ್ದರು. ಒಂದು ಬೆಳಿಗ್ಗೆ ಬಾಣಸವಾಡಿ ಕಡೆಯ ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ, ಎಡಗಡೆಯ ಅಡ್ಡರಸ್ತೆಯಿಂದ ನೀರಿನ ಟ್ಯಾಂಕರ್ ನುಗ್ಗಿತು. ಅಮ್ಮನ ಕೈ ಮುರಿಯಿತು. ಅಪ್ಪ ಉಳಿಯಲಿಲ್ಲ.

ಕಾರನ್ನು ಗುಜರಿಗೆ ಬಿಟ್ಟುಕೊಡಿ ಎಂದು ಎಲ್ಲರೂ ಹೇಳಿದರು. ಅಮ್ಮ ಒಪ್ಪಲಿಲ್ಲ. ಹಾಗಾಗಿ ನಮ್ಮ ಶಾಪಿಗೇ ತಂದೆ. ಚೌಕಟ್ಟು ಎಳೆದು ನೇರ ಮಾಡಿದರು, ಬಾಗಿಲು ಬದಲಾಯಿಸಿದರು, ಬೆಲ್ಟು, ಏರ್‌ಬ್ಯಾಗ್ ಎಲ್ಲ ಹೊಸದಾದವು. ಪೇಂಟ್ ಬೂತಿನಿಂದ ಹೊರಬಂದಾಗ ಕಾರು ಏನೂ ಆಗದ ಮುಖ ಹೊತ್ತು ಹೊಳೆಯುತ್ತಿತ್ತು. ಅದನ್ನು ನೋಡಿ ನನಗೆ ಸಿಟ್ಟೇ ಬಂತು. ಆದರೆ ಸ್ಟಾರ್ಟ್ ಮಾಡಿದ ಕೂಡಲೇ ಟಿಂಗ್ ಟಿಂಗ್ ಶುರುವಾಯಿತು. ಎಡಗಡೆಯ ಸೀಟಿನಲ್ಲಿ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆ ಎಂದು ಪರದೆಯ ಮೇಲೆ ಕೆಂಪು ದೀಪ. ಸೀಟಿನ ಅಡಿಯ ಸೆನ್ಸರ್ ಬದಲಾಯಿಸಿದರು. ಸೀಟು ಖಾಲಿಯಿದೆ, ಇದೇ ಸೊನ್ನೆ ಎಂದು ಕಂಪ್ಯೂಟರಿನಲ್ಲಿ ಮತ್ತೆ ಹೇಳಿಕೊಟ್ಟರು. ಸಂಜೆ ಸುಮ್ಮನಾಗುತ್ತಿತ್ತು, ಬೆಳಿಗ್ಗೆ ಮತ್ತೆ ಅದೇ. ಎಲೆಕ್ಟ್ರಿಷಿಯನ್ ತಲೆ ಚಚ್ಚಿಕೊಂಡ. ನಾನು ಮಾತ್ರ ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಹೋಗಿ ಕಾರಿನಲ್ಲಿ ಕೂತು, ಕೀಲಿ ತಿರುಗಿಸಿ, ಆ ಸದ್ದು ಕೇಳುತ್ತಾ ಊಟ ಮಾಡುತ್ತಿದ್ದೆ. ನನಗೆ ಆ ಸದ್ದು ಬೇಕಾಗಿತ್ತು.

ಯಜಮಾನರು ಒಂದು ದಿನ ಬಂದು ಕಾರಿನ ಪಕ್ಕ ನಿಂತು ಕೈ ಚಾಚಿದರು. ನಾನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

“ಅಪ್ಪನ್ನ ಆ ಧೂಳಲ್ಲಿ ಇಳಿಸಿ ಬರೋಕೆ ನಾನು ಬಿಡಲ್ಲ ಯಜಮಾನ್ರೆ. ಮನೆಗೆ ಕರ್ಕೊಂಡು ಹೋಗ್ತೀನಿ.”

ಅವರ ಮಾತನ್ನು ನಂಬುವುದಿಲ್ಲ ಎಂದು ಹೇಳುವ ಯೋಚನೆಯೇ ನನಗೆ ಬರಲಿಲ್ಲ. ಅವರು ವಾದ ಮಾಡಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ನಮ್ಮ ಮನೆವರೆಗೆ ಬಂದು ಹೋಗು ಎಂದರು.

ಅವರ ಮನೆ ಹತ್ತಿರದಲ್ಲೇ, ಅಪಾರ್ಟ್‌ಮೆಂಟುಗಳ ಹಿಂದೆ ಉಳಿದುಕೊಂಡಿದ್ದ ಹಳೆಯ ಊರಿನ ಓಣಿಯಲ್ಲಿ. ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಗೆ ರೋಲಿಂಗ್ ಶಟರ್ ಹಾಕಿಸಿದ್ದರು. ಅದನ್ನು ಎತ್ತಿದರೆ ಒಳಗೆ ಬಟ್ಟೆ ಹೊದಿಸಿದ ಒಂದು ಕಾರು. ಹೊದಿಕೆ ತೆಗೆದಾಗ ಹೊಸದರಂತೆಯೇ ಇತ್ತು. ಅವರ ಮಗ ಸ್ನೇಹಿತನ ಪಕ್ಕದಲ್ಲಿ ಕೂತು ಹೋಗುತ್ತಿದ್ದಾಗ ಹಳೇ ಮದ್ರಾಸ್ ರಸ್ತೆಯಲ್ಲಿ, ಕೆ.ಆರ್. ಪುರದ ಹತ್ತಿರ, ಆದದ್ದಂತೆ. ಸ್ನೇಹಿತ ಬದುಕಿದ. ಆ ಕಾರನ್ನು ಮೊದಲು ಸರಿ ಮಾಡಿಕೊಡಬೇಕು ಎಂಬ ಒಪ್ಪಂದದ ಮೇಲೆಯೇ ಅವರು ಶಾಪಿಗೆ ಜಾಗ ಕೊಟ್ಟಿದ್ದರು. ನಮ್ಮಲ್ಲಿ ರಿಪೇರಿಯಾದ ಮೊದಲ ಕಾರು ಅದು.

ಕಾರಿನ ಗಾಜುಗಳೆಲ್ಲ ತಿಳಿಯಾಗಿದ್ದವು. ಮುಂದಿನ ಎಡಗಡೆಯ ಕಿಟಕಿಯ ಗಾಜು ಮಾತ್ರ ಒಳಗಿನಿಂದ ಮಬ್ಬಾಗಿತ್ತು, ಯಾರೋ ಬಹಳ ಹೊತ್ತು ಅದಕ್ಕೆ ಮುಖ ಆನಿಸಿ ಕೂತಿದ್ದಂತೆ. ಯಜಮಾನರು ಬಾಗಿಲಿನ ಮೇಲೆ ಬೆರಳಲ್ಲಿ ತಟ್ಟಿ, ಆಮೇಲೆ ತೆರೆದು, ಟವೆಲ್ಲಿನಿಂದ ಆ ಗಾಜನ್ನು ಒರೆಸಿದರು. ನಂತರ ಹಿಂದಿನ ಬಾಗಿಲು ತೆರೆದು, ಪಂಚೆ ಎತ್ತಿಕೊಂಡು, ತಾವು ಮಗನ ಸೀಟಿನ ಹಿಂದೆ ಹೋಗಿ ಕೂತರು. ದಿನಾ ಕೂರುವ ಜಾಗದಲ್ಲಿ ಕೂರುವವರ ಹಾಗೆ ಕೂತರು.

“ನಾನೂ ಹೀಗೇ ಮನೆಗೆ ಕರ್ಕೊಂಡ್ಬಂದೆ ಕಣಮ್ಮಾ. ಅವನು ಮನೆ ಒಳಕ್ಕೂ ಬರ್ಲಿಲ್ಲ, ಆಚೆಗೂ ಹೋಗ್ಲಿಲ್ಲ. ಅಲ್ಲೇ ಇಳಿಸಿದ್ದಿದ್ರೆ ಯಾವತ್ತಾದ್ರೂ ಮುಂದಕ್ಕೆ ನಡ್ಕೊಂಡು ಹೋಗಿರೋನು. ನಾನು ಹಿಂದೆ ಕೂತ್ಕೊಂಡು ಅವನ ಕತ್ತು ನೋಡ್ತಾ ಇರ್ತೀನಿ. ಒಂದು ಸಲಾನೂ ತಿರುಗಿ ನೋಡಲ್ಲ.”

ಈಗ ಇಳಿಸಬಹುದಲ್ಲ ಎಂದು ಕೇಳಿದೆ. ಊರಿನವರನ್ನೆಲ್ಲ ಇಳಿಸಿ ಬರುತ್ತಿದ್ದವರ ಕೈ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು. ಒರೆಸಿದ ಗಾಜು ನಮ್ಮ ಕಣ್ಣೆದುರಿಗೇ ಮತ್ತೆ ಮಬ್ಬಾಗುತ್ತಿತ್ತು. ನನಗೆ ಹೆದರಿಕೆಯಾಯಿತು. ಆ ಗಾಜಿಗಿಂತ ಹೆಚ್ಚಾಗಿ, ನಾನೂ ಹೀಗೆ ನಮ್ಮ ಮನೆಯ ಮುಂದೆ ಕಾರಿನೊಳಗೆ ಕೂತು ಮುದುಕಿಯಾಗುತ್ತೇನೆ ಎಂದು ಹೆದರಿಕೆಯಾಯಿತು. ಅಮ್ಮನೂ ಪಕ್ಕದಲ್ಲಿ.

ಮಾರನೆಯ ಬೆಳಿಗ್ಗೆ ಹೋದೆವು. ಯಜಮಾನರು ಓಡಿಸಿದರು, ನಾನು ಹಿಂದೆ ಕೂತೆ, ಮುಂದಿನ ಎಡಗಡೆಯ ಸೀಟನ್ನು ಹಾಗೇ ಬಿಟ್ಟೆವು. ದಾರಿಯುದ್ದಕ್ಕೂ ಟಿಂಗ್ ಟಿಂಗ್. ಖಾಲಿ ಸೀಟಿಗೆ ಬೆಲ್ಟ್ ಸಿಕ್ಕಿಸಿದ್ದರೆ ನಿಲ್ಲುತ್ತಿತ್ತು, ಇಬ್ಬರೂ ಸಿಕ್ಕಿಸಲಿಲ್ಲ. ಸಿಗ್ನಲ್ ದಾಟಿ ಬದಿಯಲ್ಲಿ ನಿಲ್ಲಿಸಿದರು. ಲಾರಿಗಳು, ಬಸ್ಸುಗಳು, ಕಾಲೇಜಿಗೆ ಹೋಗುವವರು. ಅಪ್ಪನನ್ನು ಬಿಟ್ಟು ಹೋಗುವಂಥ ಜಾಗ ಅಲ್ಲವೇ ಅಲ್ಲ ಅದು. ಯಜಮಾನರು ಇಳಿಯಲು ಹೊರಟರು, ನಾನೇ ತೆಗೆಯುತ್ತೇನೆ ಎಂದೆ. ಇಳಿದು ಬಾಗಿಲು ತೆರೆದೆ. ಅವರು ಮಾಡುತ್ತಿದ್ದಂತೆ ಮೇಲಂಚಿಗೆ ಅಂಗೈ ಅಡ್ಡ ಹಿಡಿದೆ.

“ಅಪ್ಪಾ, ಇಳೀರಿ” ಅಂದೆ.

ಏನೂ ಆಗಲಿಲ್ಲ. ಹಿಂದೆ ಆಟೊದವನೊಬ್ಬ ಹಾರ್ನ್ ಮಾಡುತ್ತಿದ್ದ. ಅಪ್ಪ ಯಾವತ್ತೂ ಕಾರಿನಿಂದ ಬೇಗ ಇಳಿದವರಲ್ಲ, ಕನ್ನಡಕ, ಛತ್ರಿ, ಚೀಲ ಎಂದು ಹುಡುಕುತ್ತಿದ್ದರು. ನಾನು ಕಾದೆ. ಆಮೇಲೆ ಕಾರು ನನ್ನ ಬದಿಗೆ ಸ್ವಲ್ಪ ಮೇಲೆದ್ದಿತು, ಭಾರದ ಆಳು ಇಳಿದಾಗ ಏಳುವಷ್ಟು. ಸದ್ದು ನಿಂತಿತು. ಬಾಗಿಲು ತೆರೆದೇ ಇತ್ತು. ನಾನು ಅಳುತ್ತಾ ಎತ್ತ ನೋಡಬೇಕೆಂದು ತಿಳಿಯದೆ ಎಲ್ಲ ಕಡೆಗೂ ನೋಡಿದೆ. ಯಜಮಾನರು ಒಳಗಿನಿಂದಲೇ, ಬಾಗ್ಲು ಹಾಕಮ್ಮಾ, ಅವರಿಗೂ ಕಷ್ಟ ಆಗ್ತದೆ ಎಂದರು. ಹಾಕಿದೆ. ಶಾಪಿಗೆ ವಾಪಸ್ಸು ಬರುವವರೆಗೂ ಆ ಕಾರಿನೊಳಗೆ ಅಂಥ ನಿಶ್ಶಬ್ದ... ಎಲೆಕ್ಟ್ರಿಷಿಯನ್ ನೋಡಿ, ಎಲ್ಲೋ ವೈರು ಸರಿಯಾಗಿ ಕೂತಿರಬೇಕು ಬಿಡಿ ಎಂದ. ಇರಬಹುದು.

ಅಮ್ಮನಿಗೆ ನಾನು ಇದನ್ನೆಲ್ಲ ಹೇಳಿರಲಿಲ್ಲ. ಕೈಯ ಪಟ್ಟಿ ಬಿಚ್ಚಿದ ಮೇಲೆ ಒಂದು ಭಾನುವಾರ ತಾನೇ ಹೋಗಿ ಕಾರಿನಲ್ಲಿ ಕೂತಳು. ಕೀಲಿ ತಿರುಗಿಸಿ, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕಾದಳು. ಎಡಗಡೆಗೆ ತಿರುಗಿ ನೋಡಿದಳು.

“ಎಲ್ಲಿ ಇಳಿಸ್ದೆ ಅವರನ್ನ?”

ಸಿಗ್ನಲ್ ಹತ್ತಿರ ಎಂದೆ. ಬೈಯುತ್ತಾಳೆಂದುಕೊಂಡೆ. ಅಮ್ಮ ಖಾಲಿ ಸೀಟನ್ನು ಕೈಯಿಂದ ಒರೆಸಿ, ಅಲ್ಲಿ ಮೂಲೆಯಲ್ಲಿ ಟೀ ಅಂಗಡಿಯಿದೆ, ಪರವಾಗಿಲ್ಲ ಎಂದಳು. ಆಮೇಲೆ ಕಾರನ್ನು ಗೇಟಿನ ತನಕ ಓಡಿಸಿ ವಾಪಸ್ಸು ತಂದಳು.

ಯಜಮಾನರು ತೀರಿಕೊಂಡದ್ದು ಅದಾದ ಕೆಲವು ವರ್ಷಗಳಿಗೆ. ಮಧ್ಯಾಹ್ನ ಊಟ ಮಾಡಿ ಕೊಟ್ಟಿಗೆಗೆ ಹೋದವರು ಕಾಫಿಯ ಹೊತ್ತಾದರೂ ಬರಲಿಲ್ಲವಂತೆ. ಹಿಂದಿನ ಸೀಟಿನಲ್ಲಿಯೇ ಹೋಗಿದ್ದರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿ ನನಗೆ ಹೇಳಿಕಳಿಸಿದರು. ಅಷ್ಟು ವರ್ಷ ಕೊಟ್ಟಿಗೆಯ ಕಡೆ ತಲೆ ಹಾಕದಿದ್ದ ಅಜ್ಜಿ ಅವತ್ತು ತಾವೇ ಶಟರ್ ಎತ್ತಿಸಿ ಕಾರಿನ ಹೊದಿಕೆ ತೆಗೆಸಿ ನಿಂತಿದ್ದರು. ಮುಂದಿನ ಎಡಗಡೆಯ ಗಾಜು ಮಬ್ಬಾಗಿತ್ತು. ಅದರ ಹಿಂದಿನದೂ ಮಬ್ಬಾಗಿತ್ತು. ಇವರಿಬ್ಬರನ್ನೂ ಇಳಿಸಿಕೊಡು ಎಂದು ಅಜ್ಜಿ ಕೇಳಿದರು.

ನಾನು ಓಡಿಸಿದೆ. ಅಜ್ಜಿ ಹಿಂದೆ, ಬಲಗಡೆಯ ಬಾಗಿಲಿಗೆ ಅಂಟಿಕೊಂಡು, ಪಕ್ಕದಲ್ಲಿ ಒಬ್ಬರಿಗೆ ಧಾರಾಳವಾಗಿ ಜಾಗ ಬಿಟ್ಟು ಕೂತರು. ಸೆರಗು ಸಹ ಆ ಕಡೆ ಬೀಳದಂತೆ ಎಳೆದುಕೊಂಡರು. ಕೆ.ಆರ್. ಪುರದ ಸೇತುವೆ ದಾಟಿ ಒಂದು ದೊಡ್ಡ ಹುಣಸೆ ಮರ, ಅದರ ಎದುರಿಗೆ ಎಂದು ಗುರುತು ಹೇಳಿದರು. ಮರ ಇರಲಿಲ್ಲ. ರಸ್ತೆಯೇ ಇದ್ದ ಕಡೆ ಇರಲಿಲ್ಲ. ಮೆಟ್ರೊ ಕಂಬಗಳು, ತಡೆಗೋಡೆ, ಅತ್ತಿತ್ತ ಸರಿಸಿದ ಸರ್ವಿಸ್ ರಸ್ತೆ. ಅಜ್ಜಿ ಇಲ್ಲೇ ಎನ್ನುತ್ತಿದ್ದರು, ಅಲ್ಲ, ಸ್ವಲ್ಪ ಮುಂದೆ ಎನ್ನುತ್ತಿದ್ದರು. ನಿಲ್ಲಿಸಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ಟ್ರಾಫಿಕ್ ಪೊಲೀಸ್ ಸೀಟಿ ಊದುತ್ತಿದ್ದ. ಮತ್ತೆ ಯೂ ಟರ್ನ್ ಮಾಡಿ ಬಂದೆ, ಮತ್ತೆ ಹೋದೆ. ಆ ಹುಡುಗ ಪ್ರಾಣ ಬಿಟ್ಟ ನೆಲ ಯಾವುದೋ ಕಂಬದ ಅಡಿಯಲ್ಲಿ ಹೂತುಹೋಗಿತ್ತು. ಸಿಕ್ಕ ಕಡೆ ಇಳಿಸಲು ನನಗೆ ಮನಸ್ಸಾಗಲಿಲ್ಲ. ಊರೆಲ್ಲ ಹೊಲವಿದ್ದ ಮನೆತನದವರನ್ನು ಇಳಿಸಲು ಒಂದು ಹೆಜ್ಜೆ ಜಾಗ ಸಿಗಲಿಲ್ಲ.

“ಬಿಡು ಮಗಾ, ಮನೆಗೇ ನಡಿ. ಅಪ್ಪ ಮಗ ಒಬ್ಬರಿಗೊಬ್ಬರು ಇದ್ದಾರಲ್ಲ” ಅಂದರು ಅಜ್ಜಿ.

ಆ ಓಣಿ ಈಗಿಲ್ಲ. ಅಲ್ಲಿ ಅಪಾರ್ಟ್‌ಮೆಂಟ್ ಬಂದಿದೆ, ಕಾರು ಅದರ ಬೇಸ್‌ಮೆಂಟಿನಲ್ಲಿ ಅಜ್ಜಿಯ ಪಾಲಿನ ಜಾಗದಲ್ಲಿ ಹೊದಿಕೆ ಹೊದ್ದು ನಿಂತಿದೆ. ಜೋರು ಮಳೆ ಬಂದಾಗ ಆ ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆ. ಆಗೆಲ್ಲ ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಶಾಪು ಬೇರೆ ಕಡೆಗೆ ಹೋಯಿತು, ನಾನೂ ಬೇರೆ ಶಾಪಿಗೆ ಸೇರಿದೆ. ಇಲ್ಲಿ ಟ್ರಯಲ್ ಎಂದರೆ ಗೇಟಿನಿಂದ ಹೊರಗೆ ಹೋಗಿ ಒಂದು ಸುತ್ತು ಹಾಕಿ ಬರುವುದು ಅಷ್ಟೇ. ಯಾರನ್ನೂ ಯಾರೂ ಇಳಿಸುವುದಿಲ್ಲ. ಎಲ್ಲ ಕಾರುಗಳೂ ಹಾಗೇ ಅವರವರ ಮನೆಗೆ ಹೋಗುತ್ತವೆ. ಹೊಳೆಯುವ ಕಾರಿನ ಕೀಲಿಯನ್ನು ನಗುನಗುತ್ತಾ ಕೊಟ್ಟು ಕಳಿಸುವಾಗ ನಾನು ಹಿಂದಿನ ಸೀಟಿನ ಕಡೆ ನೋಡುವುದಿಲ್ಲ. ಯಜಮಾನರು ಇರಬೇಕಿತ್ತು ಎಂದು ದಿನಕ್ಕೊಮ್ಮೆಯಾದರೂ ಅನ್ನಿಸುತ್ತದೆ.

ಆದರೆ ಬಾಣಸವಾಡಿಯ ಆ ಸಿಗ್ನಲ್ಲಿನಲ್ಲಿ ಪೆಟ್ಟು ತಿಂದ ಕಾರು ಬಂದರೆ ಮಾತ್ರ, ಸರ್ವೇಯರ್ ಬರುವ ಮೊದಲೇ ಹೋಗಿ ಎಡಗಡೆಯ ಬಾಗಿಲು ತೆರೆದು ನೋಡುತ್ತೇನೆ. ಕೀಲಿ ತಿರುಗಿಸಿ ಕಿವಿಗೊಟ್ಟು ಕೂರುತ್ತೇನೆ. ಇದುವರೆಗೆ ಸದ್ದು ಬಂದಿಲ್ಲ. ಅಪ್ಪ ಮುಂದಕ್ಕೆ ನಡೆದುಕೊಂಡು ಹೋಗಿರಬೇಕು ಎಂದು ಅಮ್ಮನಿಗೆ ಹೇಳುತ್ತೇನೆ, ಅಮ್ಮ ಹೌದು ಎನ್ನುತ್ತಾಳೆ. ಸದ್ದು ಬಂದರೆ ಏನು ಮಾಡುತ್ತೇನೋ ಗೊತ್ತಿಲ್ಲ. ಇಳೀರಿ ಎಂದು ಅಪ್ಪನಿಗೆ ಇನ್ನೊಂದು ಸಲ ಹೇಳಲು ನನ್ನಿಂದ ಆಗುವುದಿಲ್ಲ.